ಬಸ್ ನಿಂತ ದಿನ ಆಸ್ಪತ್ರೆಯ ದಾರಿ: ಸಾರಿಗೆ ಮುಷ್ಕರ, ಬಂದ್ ಮತ್ತು ಸರ್ಕಾರಿ ಆರೋಗ್ಯ ಸೇವೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸಾರಿಗೆ ನೌಕರರ ಮುಷ್ಕರವಿರಲಿ, ಲಾರಿ ಮುಷ್ಕರವಿರಲಿ, ಬಂದ್ ಅಥವಾ ಗಲಭೆ ಇರಲಿ, ಸರ್ಕಾರಿ ಆಸ್ಪತ್ರೆಗೆ ಹೋಗಿಬರುವ ರೋಗಿಗಳೂ ಅವರ ಮನೆಯವರೂ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ ಆಗಿರುತ್ತವೆ. ಕರ್ನಾಟಕದ ಅನುಭವವನ್ನು ಮುಂದಿಟ್ಟುಕೊಂಡು ಅವುಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಚಿಕಿತ್ಸೆಗೆ ಸಂಬಂಧಿಸಿದ ಮಾತುಗಳನ್ನು ನಿಮ್ಮ ವೈದ್ಯರನ್ನು ಕೇಳಿಯೇ ಅನುಸರಿಸಬೇಕು.

ಬಂದ್ ದಿನ ಆಸ್ಪತ್ರೆಗಳಿಗೆ ವಿನಾಯಿತಿ ಇರುತ್ತದಲ್ಲ, ಮತ್ತೆ ತೊಂದರೆ ಎಲ್ಲಿಂದ ಬರುತ್ತದೆ?

ಬಂದ್‌ಗೆ ಕರೆ ಕೊಡುವ ಸಂಘಟನೆಗಳು ಹಾಲು, ಪತ್ರಿಕೆ, ಔಷಧಿ ಅಂಗಡಿ, ಆಂಬುಲೆನ್ಸ್ ಮತ್ತು ಆಸ್ಪತ್ರೆಗಳಿಗೆ ವಿನಾಯಿತಿ ಇದೆ ಎಂದು ಮೊದಲೇ ಪ್ರಕಟಿಸುವುದು ನಮ್ಮಲ್ಲಿ ರೂಢಿ. ಆ ಮಾತನ್ನು ಬಹುಪಾಲು ಪಾಲಿಸಲಾಗುತ್ತದೆ ಎಂಬುದನ್ನೂ ಒಪ್ಪಬೇಕು. ತೊಂದರೆ ಇರುವುದು ಆ ವಿನಾಯಿತಿಯ ವ್ಯಾಪ್ತಿಯಲ್ಲಿ. ಅದು ಆಸ್ಪತ್ರೆಯ ಗೇಟಿಗೆ ಸಿಗುತ್ತದೆ, ಗೇಟಿನವರೆಗಿನ ದಾರಿಗೆ ಸಿಗುವುದಿಲ್ಲ. ಜಿಲ್ಲಾಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಬೆಳಿಗ್ಗೆ ಚೀಟಿ ಮಾಡಿಸಲು ಸಾಲಿನಲ್ಲಿ ನಿಂತವರ ಪೈಕಿ ಆಂಬುಲೆನ್ಸ್‌ನಲ್ಲಿ ಬಂದವರನ್ನು ಹುಡುಕಿದರೆ ಬೆರಳೆಣಿಕೆಯಷ್ಟು ಮಂದಿಯೂ ಸಿಗಲಾರರು. ಉಳಿದವರೆಲ್ಲ ಊರಿನ ಮೊದಲ ಬಸ್ಸು ಹಿಡಿದು ಬಂದವರು. ಬೆಂಗಳೂರಿನ ಕಿದ್ವಾಯಿ, ನಿಮ್ಹಾನ್ಸ್, ಜಯದೇವ ಆಸ್ಪತ್ರೆಗಳಿಗೆ ಅಥವಾ ಜನ ಇಂದಿಗೂ ಕಿಮ್ಸ್ ಎಂದೇ ಕರೆಯುವ ಹುಬ್ಬಳ್ಳಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಬರುವವರಲ್ಲಿ ಎಷ್ಟೋ ಮಂದಿ ಹಿಂದಿನ ರಾತ್ರಿಯೇ ಬಸ್ಸು ಹತ್ತಿರುತ್ತಾರೆ. ಆ ಬಸ್ಸು ಡಿಪೋದಲ್ಲೇ ನಿಂತರೆ ಆಸ್ಪತ್ರೆ ತೆರೆದಿದ್ದೂ ಅವರ ಪಾಲಿಗೆ ಮುಚ್ಚಿದಂತೆಯೇ.

ಈ ನಷ್ಟ ಯಾವ ಲೆಕ್ಕಕ್ಕೂ ಬರುವುದಿಲ್ಲ ಎಂಬುದು ಇನ್ನೊಂದು ಸಂಗತಿ. ಆಸ್ಪತ್ರೆಯ ರಿಜಿಸ್ಟರ್‌ನಲ್ಲಿ ಬಂದವರ ಹೆಸರು ಇರುತ್ತದೆ. ಬರಬೇಕೆಂದು ಹೊರಟು ಬಸ್ ನಿಲ್ದಾಣದಿಂದಲೇ ಮನೆಗೆ ಮರಳಿದವರ ಹೆಸರನ್ನು ಬರೆದುಕೊಳ್ಳುವ ಪುಸ್ತಕ ಎಲ್ಲಿಯೂ ಇಲ್ಲ.

ಇಲ್ಲಿ ಯಾವ ಯಾವ ಮುಷ್ಕರಗಳನ್ನು ಗಮನಕ್ಕೆ ತೆಗೆದುಕೊಳ್ಳಲಾಗಿದೆ?

ಮುಖ್ಯವಾಗಿ ರಾಜ್ಯದ ನಾಲ್ಕು ರಸ್ತೆ ಸಾರಿಗೆ ನಿಗಮಗಳ ನೌಕರರು ನಡೆಸಿದ ಮುಷ್ಕರಗಳು. 2016ರ ಜುಲೈ 25ರಿಂದ ಮೂರು ದಿನ ಬಸ್ಸುಗಳು ನಿಂತಿದ್ದವು, ಶೇ 12.5ರಷ್ಟು ವೇತನ ಹೆಚ್ಚಳ ಒಪ್ಪಿಕೊಂಡ ಮೇಲೆ ಅದು ಮುಗಿಯಿತು. ತಮ್ಮನ್ನು ಸರ್ಕಾರಿ ನೌಕರರೆಂದು ಪರಿಗಣಿಸಬೇಕೆಂದು ಕೋರಿ 2020ರ ಡಿಸೆಂಬರ್‌ನಲ್ಲಿ ನಡೆದ ಮುಷ್ಕರ ನಾಲ್ಕು ದಿನ ಮುಂದುವರಿಯಿತು. ಎಲ್ಲಕ್ಕಿಂತ ದೀರ್ಘವಾದದ್ದು 2021ರ ಏಪ್ರಿಲ್ 7ರಂದು ಆರಂಭವಾಗಿ ಏಪ್ರಿಲ್ 21ರಂದು ಹೈಕೋರ್ಟ್‌ನ ಸೂಚನೆಯ ನಂತರ ನಿಂತ, ಆರನೇ ವೇತನ ಆಯೋಗದ ಸಂಬಳಕ್ಕಾಗಿ ನಡೆದ ಮುಷ್ಕರ. 2025ರ ಆಗಸ್ಟ್ 5ರಂದು 38 ತಿಂಗಳ ವೇತನ ಹಿಂಬಾಕಿಗಾಗಿ ನಡೆದದ್ದು ಒಂದೇ ದಿನದ್ದು. ನ್ಯಾಯಾಲಯ ಮುಂದೂಡಲು ಹೇಳಿದ್ದರೂ ಆ ದಿನ ಬಹಳಷ್ಟು ಬಸ್ಸುಗಳು ಹೊರಬರಲಿಲ್ಲ.

ಇವುಗಳ ಜೊತೆಗೆ ಕಾವೇರಿ ವಿಚಾರದಲ್ಲಿ 2016ರ ಸೆಪ್ಟೆಂಬರ್‌ನಲ್ಲಿ ಭುಗಿಲೆದ್ದ ಹಿಂಸೆ, 2023ರ ಸೆಪ್ಟೆಂಬರ್ 26ರ ಬೆಂಗಳೂರು ಬಂದ್ ಹಾಗೂ 29ರ ಕರ್ನಾಟಕ ಬಂದ್, 2024ರ ಜನವರಿಯ ಆರಂಭದಲ್ಲಿ ದೇಶದ ಹಲವೆಡೆ ನಡೆದ ಲಾರಿ ಚಾಲಕರ ಮುಷ್ಕರಗಳೂ ಇಲ್ಲಿ ಬರುತ್ತವೆ.

ಮುಷ್ಕರ, ಬಂದ್, ಗಲಭೆ ಈ ಮೂರೂ ಒಂದೇ ಬಗೆಯ ತೊಂದರೆ ಕೊಡುತ್ತವೆಯೇ?

ಇಲ್ಲ. ಬಸ್ ಮುಷ್ಕರದಲ್ಲಿ ರಸ್ತೆ ತೆರೆದಿರುತ್ತದೆ, ವಾಹನ ಇರುವುದಿಲ್ಲ. ಕೈಯಲ್ಲಿ ದುಡ್ಡಿದ್ದವರು ಬಾಡಿಗೆ ಕಾರಿನಲ್ಲಿ ಬಂದುಬಿಡುತ್ತಾರೆ. ಬಂದ್‌ನಲ್ಲಿ ವಾಹನ ಇದ್ದರೂ ಅದನ್ನು ರಸ್ತೆಗಿಳಿಸಲು ಮಾಲೀಕರು ಹಿಂಜರಿಯುತ್ತಾರೆ, ಆದರೆ ಸಂಜೆ ಆರರ ಹೊತ್ತಿಗೆ ಅದು ಮುಗಿಯುತ್ತದೆ ಎಂಬ ಭರವಸೆ ಇರುತ್ತದೆ. ಗಲಭೆ ಯಾವಾಗ ಮುಗಿಯುತ್ತದೆ ಎಂದು ಯಾರೂ ಹೇಳಲಾರರು. 2016ರ ಸೆಪ್ಟೆಂಬರ್ 12ರಂದು ಬೆಂಗಳೂರಿನಲ್ಲಿ ಖಾಸಗಿ ಸಂಸ್ಥೆಯೊಂದರ ಹತ್ತಾರು ಬಸ್ಸುಗಳನ್ನು ಒಂದೇ ಜಾಗದಲ್ಲಿ ಸುಡಲಾಯಿತು, ನಗರದ ಹದಿನಾರು ಪೊಲೀಸ್ ಠಾಣೆಗಳ ವ್ಯಾಪ್ತಿಯಲ್ಲಿ ಕರ್ಫ್ಯೂ ಬಂತು. ಅಂತಹ ದಿನ ಸಂಜೆಯ ಪಾಳಿಗೆ ಹೊರಡಬೇಕಾದ ನರ್ಸ್‌ಗೂ, ಬಿಡುಗಡೆಯಾಗಿ ಮನೆಗೆ ಹೋಗಬೇಕಾದ ಬಾಣಂತಿಗೂ ಎದುರಾಗುವುದು ದುಡ್ಡಿನ ಪ್ರಶ್ನೆಯಾಗಿರದೆ ಜೀವಭಯದ ಪ್ರಶ್ನೆಯಾಗಿರುತ್ತದೆ.

ಗಡಿಯ ಆಚೆಈಚೆ ಓಡಾಡುವ ರೋಗಿಗಳಿಗೆ ಗಲಭೆಯ ಬಿಸಿ ಇನ್ನೂ ಹೆಚ್ಚು. ಹೊಸೂರು, ಕೃಷ್ಣಗಿರಿ, ಧರ್ಮಪುರಿ ಕಡೆಯಿಂದ ಬೆಂಗಳೂರಿನ ಆಸ್ಪತ್ರೆಗಳಿಗೆ ಬರುವವರು ಬಹಳ. ಕಾವೇರಿ ಗಲಾಟೆ ಎದ್ದಾಗಲೆಲ್ಲ ಬಸ್ಸುಗಳು ಅತ್ತಿಬೆಲೆ ಗಡಿಯಲ್ಲಿ ನಿಲ್ಲುತ್ತವೆ; ಜನ ಗಂಟುಮೂಟೆ ಹೊತ್ತು ಗಡಿ ದಾಟಿ ಆಚೆಯ ಬಸ್ಸು ಹುಡುಕಿಕೊಳ್ಳುತ್ತಾರೆ. ಕ್ಯಾನ್ಸರ್‌ಗೆ ಕೀಮೋ ಹಾಕಿಸಿಕೊಂಡು ಮರಳುವವರಿಗೂ ಬೇರೆ ದಾರಿ ಇರುವುದಿಲ್ಲ.

ರಾಜ್ಯದ ಎಲ್ಲ ಜಿಲ್ಲೆಗಳಿಗೂ ಪೆಟ್ಟು ಒಂದೇ ಸಮನಾಗಿರುತ್ತದೆಯೇ?

ಸರ್ಕಾರಿ ಬಸ್ಸಿನ ಮುಷ್ಕರ ಮಂಗಳೂರು, ಉಡುಪಿ ಕಡೆಯವರನ್ನು ಅಷ್ಟಾಗಿ ತಟ್ಟುವುದಿಲ್ಲ, ಏಕೆಂದರೆ ಅಲ್ಲಿ ಖಾಸಗಿ ಬಸ್ಸುಗಳದ್ದೇ ಓಡಾಟ. ಹಳೆ ಮೈಸೂರು ಸೀಮೆಯಲ್ಲೂ ಉತ್ತರ ಕರ್ನಾಟಕದ ಬಹುಭಾಗದಲ್ಲೂ ಕೆಂಪು ಬಸ್ಸೇ ಆಧಾರ. ರಾಯಚೂರು, ಯಾದಗಿರಿ, ಕಲಬುರಗಿ ಸುತ್ತಿನ ಹಳ್ಳಿಗಳಲ್ಲಿ ಬಸ್ಸು ನಿಂತರೆ ಟಂಟಂ ಮತ್ತು ಕ್ರೂಸರ್‌ಗಳು ಆ ಜಾಗ ತುಂಬುತ್ತವೆ. ಹತ್ತು ಜನ ಕೂರುವಲ್ಲಿ ಹದಿನೆಂಟು ಜನ, ಅದೂ ಕೇಳಿದಷ್ಟು ಬಾಡಿಗೆ ಕೊಟ್ಟು. ಕಾಲು ಮುರಿದವರನ್ನು, ಒಂಬತ್ತು ತಿಂಗಳ ಬಸುರಿಯನ್ನು ಹಾಗೆ ಕರೆತರುವುದನ್ನು ಸಾರಿಗೆ ಎಂದು ಕರೆಯುವುದು ಕಷ್ಟ.

2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾದ ಮೇಲೆ ಇನ್ನೊಂದು ಬದಲಾವಣೆ ಆಗಿದೆ. ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದರ ಸೊನ್ನೆ. ಹಾಗಾಗಿ ಬಸ್ಸು ಸಿಕ್ಕರೆ ಆಸ್ಪತ್ರೆಗೆ ಹೋಗಿಬರುವುದಕ್ಕೆ ಮನೆಯಲ್ಲಿ ಕೈಚಾಚಬೇಕಾಗಿಲ್ಲ. ಮುಷ್ಕರದ ದಿನ ಆ ಸೊನ್ನೆ ಇದ್ದಕ್ಕಿದ್ದಂತೆ ಇನ್ನೂರು, ಮುನ್ನೂರು ರೂಪಾಯಿ ಆಗುತ್ತದೆ. ಟಿಕೆಟ್‌ನ ದುಡ್ಡು ತೆಗೆದಿಡುವ ರೂಢಿಯೇ ತಪ್ಪಿರುವಾಗ ಆ ಮೊತ್ತ ಮೊದಲಿಗಿಂತ ದೊಡ್ಡದಾಗಿ ಕಾಣುತ್ತದೆ, ತಪಾಸಣೆ ಮುಂದಿನ ವಾರಕ್ಕೆ ಹೋಗುತ್ತದೆ.

ಎಲ್ಲರಿಗಿಂತ ಹೆಚ್ಚು ಅಪಾಯ ಯಾರಿಗೆ?

ಅಪಘಾತ, ಹೃದಯಾಘಾತದಂತಹ ತುರ್ತು ಪ್ರಕರಣಗಳು ಎಂದು ಹೆಚ್ಚಿನವರು ಊಹಿಸುತ್ತಾರೆ. ಅವುಗಳಿಗೆ ದಾರಿ ಬಿಡಬೇಕೆಂಬುದು ಎಲ್ಲರಿಗೂ ಗೊತ್ತು. ನಿಜವಾಗಿ ಸಿಕ್ಕಿಬೀಳುವವರು ದಿನ ಗೊತ್ತುಮಾಡಿದ ಚಿಕಿತ್ಸೆಯವರು, ಅವರಲ್ಲೂ ಮೊದಲಿಗೆ ಡಯಾಲಿಸಿಸ್‌ನವರು. ಸೈರನ್ ಇಲ್ಲದ ರೋಗಿಗಳು ಎಂದು ಬೇಕಾದರೆ ಇವರನ್ನು ಕರೆಯಬಹುದು.

ಮೂತ್ರಪಿಂಡ ಕೆಟ್ಟವರ ರಕ್ತವನ್ನು ಯಂತ್ರದಿಂದ ಶುದ್ಧಿ ಮಾಡುವ ಡಯಾಲಿಸಿಸ್ ಒಂದು ಸಲಕ್ಕೆ ಸುಮಾರು ನಾಲ್ಕು ತಾಸಿನ ಕೆಲಸ. ವಾರಕ್ಕೆ ಮೂರು ಸಲ ಆಗಬೇಕು. ನಮ್ಮಲ್ಲಿ ಎಷ್ಟೋ ಮಂದಿಗೆ ಎರಡೇ ಸಲ ಆಗುತ್ತದೆ. ಸೋಮವಾರ ಮತ್ತು ಗುರುವಾರ ಹೋಗುವವರಿಗೆ ಗುರುವಾರ ತಪ್ಪಿದರೆ ಮುಂದಿನ ಸರದಿ ಸೋಮವಾರವೇ, ಅಂದರೆ ಪೂರ್ತಿ ಏಳು ದಿನದ ಅಂತರ. ಆ ಅವಧಿಯಲ್ಲಿ ಮೂತ್ರವಾಗಿ ಹೊರಹೋಗದ ನೀರು ಶ್ವಾಸಕೋಶದಲ್ಲಿ ನಿಂತು ಏದುಸಿರು ತರಬಹುದು, ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತವೇ ತಪ್ಪಬಹುದು. ಸರದಿ ಬದಲಿಸೋಣ ಎಂದರೆ ತಾಲ್ಲೂಕು ಆಸ್ಪತ್ರೆಗಳಲ್ಲಿ ಇರುವ ಎರಡು ಮೂರು ಯಂತ್ರಗಳಿಗೆ ಬೆಳಗಿನಿಂದ ಸಂಜೆಯವರೆಗೆ ಹೆಸರು ಬರೆದಾಗಿರುತ್ತದೆ.

ಬಂದ್ ಇದ್ದ ಒಂದು ದಿನ ಬೆಳಿಗ್ಗೆ ಆರೂವರೆಗೆ ತಾಲ್ಲೂಕು ಆಸ್ಪತ್ರೆಯೊಂದರ ಡಯಾಲಿಸಿಸ್ ಘಟಕದ ಮುಂದೆ ನಾನು ಕಂಡ ದೃಶ್ಯ ನೆನಪಿದೆ. ಡೈರಿಗೆ ಹಾಲು ಸಾಗಿಸುವ ವ್ಯಾನ್ ಬಂದು ನಿಂತಿತು. ಹಿಂದಿನ ಬಾಗಿಲು ತೆರೆದಾಗ ಕ್ಯಾನುಗಳ ನಡುವೆ ಮಡಚಿಕೊಂಡು ಕೂತಿದ್ದ ಐವತ್ತರ ಆಸುಪಾಸಿನ ಒಬ್ಬರು ಇಳಿದರು. ಡಯಾಲಿಸಿಸ್ ಸೂಜಿ ಚುಚ್ಚಲೆಂದು ರಕ್ತನಾಳ ಜೋಡಿಸಿ ಮಾಡಿದ ಫಿಸ್ಟುಲಾ ಇರುವ ಎಡಗೈಯನ್ನು ಟವೆಲ್‌ನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡಿದ್ದರು, ಬಲಗೈಯಲ್ಲಿ ಫೈಲು ಇದ್ದ ಪ್ಲಾಸ್ಟಿಕ್ ಚೀಲ. ‘ಹಾಲಿಗೆ ಬಿಡ್ತಾರೆ ಸ್ವಾಮಿ, ಅದಕ್ಕೆ ಹಾಲಿನ ಜೊತೆ ಬಂದೆ’ ಎಂದರು. ಅವರ ನಂತರದ ಸರದಿಯ ಹೆಂಗಸು ಆ ದಿನ ಬರಲೇ ಇಲ್ಲ. ಟೆಕ್ನಿಷಿಯನ್ ಮೂರು ಬಾರಿ ಫೋನ್ ಮಾಡಿ, ಕೊನೆಗೆ ಹೆಸರಿನ ಮುಂದೆ ‘ಗೈರು’ ಎಂದು ಬರೆದು ಪುಟ ತಿರುವಿದರು. ಆ ಪದಕ್ಕೆ ಕಾರಣ ಬರೆಯುವ ಕಾಲಂ ಆ ಪುಸ್ತಕದಲ್ಲಿ ಇರಲಿಲ್ಲ.

ಡಯಾಲಿಸಿಸ್‌ನವರ ಬೆನ್ನಿಗೇ ಬರುವವರು ಕೀಮೋ ಮತ್ತು ರೇಡಿಯೇಷನ್‌ನಲ್ಲಿ ಇರುವವರು, ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಹಾಕಿಸಿಕೊಳ್ಳಬೇಕಾದ ಥಲಸ್ಸೀಮಿಯಾ ಮಕ್ಕಳು, ನಾಯಿ ಕಚ್ಚಿ 0, 3, 7ನೇ ದಿನ ಎಂದು ಲೆಕ್ಕ ಹಾಕಿ ಚುಚ್ಚುಮದ್ದು ಪಡೆಯುತ್ತಿರುವವರು.

ವೈದ್ಯರು ಹೇಗಿದ್ದರೂ ಸ್ವಂತ ವಾಹನದಲ್ಲಿ ಬರುತ್ತಾರೆ. ಹಾಗಿದ್ದೂ ಆಸ್ಪತ್ರೆಯ ಕೆಲಸ ಏಕೆ ನಿಧಾನವಾಗುತ್ತದೆ?

ಆಸ್ಪತ್ರೆ ವೈದ್ಯರಿಂದಷ್ಟೇ ನಡೆಯುವುದಿಲ್ಲ ಎಂಬುದು ಇಂತಹ ದಿನಗಳಲ್ಲೇ ಅರಿವಿಗೆ ಬರುವುದು. ಸ್ಟ್ರೆಚರ್ ತಳ್ಳುವವರು, ವಾರ್ಡ್ ತೊಳೆಯುವವರು, ಶಸ್ತ್ರಚಿಕಿತ್ಸೆಯ ಉಪಕರಣಗಳನ್ನು ಹಬೆಯಲ್ಲಿ ಕ್ರಿಮಿಶುದ್ಧಿ ಮಾಡುವ ಆಟೋಕ್ಲೇವ್‌ಗೆ ಹಾಕುವವರು, ಅಡುಗೆಯವರು, ಚೀಟಿ ಕೌಂಟರ್‌ನ ಗುತ್ತಿಗೆ ನೌಕರರು ಹೆಚ್ಚಾಗಿ ಊರ ಹೊರಗಿನಿಂದ ಬಸ್ಸಿನಲ್ಲಿ ಬರುವವರೇ. ಅವರಲ್ಲಿ ಹಲವರಿಗೆ ಒಂದು ದಿನ ಬಾರದಿದ್ದರೆ ಒಂದು ದಿನದ ಕೂಲಿ ಕಡಿತ. ಶಸ್ತ್ರವೈದ್ಯರು ಬಂದು ಕೂತಿದ್ದರೂ ಶಸ್ತ್ರಚಿಕಿತ್ಸಾ ಕೊಠಡಿಯ ಡಿ ಗ್ರೂಪ್ ಸಿಬ್ಬಂದಿ ಇಲ್ಲವೆಂದರೆ ತುರ್ತಲ್ಲದ ಶಸ್ತ್ರಚಿಕಿತ್ಸೆ ಮುಂದಕ್ಕೆ ಹೋಗುತ್ತದೆ.

ನರ್ಸ್‌ಗಳದ್ದು ಬೇರೆಯೇ ಫಜೀತಿ. ರಾತ್ರಿ ಪಾಳಿಯವರನ್ನು ಬಿಡಿಸಬೇಕಾದವರು ಬಾರದಿದ್ದರೆ ರಾತ್ರಿಯವರೇ ಮಧ್ಯಾಹ್ನದವರೆಗೆ ನಿಲ್ಲಬೇಕು. ಹದಿನೆಂಟು ತಾಸು ಎಚ್ಚರವಿದ್ದವರು ಹಾಕುವ ಚುಚ್ಚುಮದ್ದಿನಲ್ಲಿ ಪ್ರಮಾಣ ತಪ್ಪುವ ಸಾಧ್ಯತೆ ಸಹಜವಾಗಿಯೇ ಹೆಚ್ಚು. ಮುಷ್ಕರದ ಹಿಂದಿನ ದಿನವೇ ಆಸ್ಪತ್ರೆಯ ವಾಹನವೊಂದನ್ನು ಸಿಬ್ಬಂದಿಗಾಗಿ ಎರಡು ಮೂರು ಮಾರ್ಗಗಳಲ್ಲಿ ಓಡಿಸಿದರೆ ಈ ಸಮಸ್ಯೆಯ ಅರ್ಧ ಬಗೆಹರಿಯುತ್ತದೆ. ಕೆಲವು ಆಸ್ಪತ್ರೆಗಳು ಹೀಗೆ ಮಾಡುತ್ತವೆ, ಎಲ್ಲವೂ ಮಾಡುವುದಿಲ್ಲ.

ಮನೆಯಲ್ಲಿ ತುಂಬು ಗರ್ಭಿಣಿ ಇದ್ದರೆ ಏನು ಮಾಡಬೇಕು?

ತಾಯಂದಿರ ಸಾವಿನ ಹಿಂದೆ ಮೂರು ವಿಳಂಬಗಳಿರುತ್ತವೆ ಎಂದು ಆರೋಗ್ಯ ಇಲಾಖೆಯ ತರಬೇತಿಗಳಲ್ಲಿ ಹೇಳಿಕೊಡುತ್ತಾರೆ: ಆಸ್ಪತ್ರೆಗೆ ಹೋಗಬೇಕೆಂದು ನಿರ್ಧರಿಸುವಲ್ಲಿ ತಡ, ತಲುಪುವಲ್ಲಿ ತಡ, ತಲುಪಿದ ಮೇಲೆ ಚಿಕಿತ್ಸೆ ಸಿಗುವಲ್ಲಿ ತಡ. ಸಾರಿಗೆ ನಿಂತಾಗ ಎರಡನೆಯದು ಮಾತ್ರ ಹೆಚ್ಚುತ್ತದೆ ಎಂದು ತೋರುತ್ತದೆ. ವಾಸ್ತವದಲ್ಲಿ ಮೂರೂ ಹೆಚ್ಚುತ್ತವೆ. ‘ಇವತ್ತು ಬಂದ್ ಇದೆ, ನಾಳೆ ನೋಡೋಣ’ ಎಂಬ ಮಾತಿನಲ್ಲಿ ಮೊದಲನೆಯದು ಶುರುವಾಗುತ್ತದೆ. ಅರಿವಳಿಕೆ ತಜ್ಞರು ದಾರಿಯಲ್ಲಿ ಸಿಕ್ಕಿಕೊಂಡಿದ್ದರೆ ಮೂರನೆಯದು.

ಹೆರಿಗೆಯ ದಿನಾಂಕ ಮುಷ್ಕರದ ಆಸುಪಾಸಿಗೆ ಬಿದ್ದಿದ್ದರೆ ನೋವು ಬರುವವರೆಗೆ ಕಾಯದೆ ಆಶಾ ಕಾರ್ಯಕರ್ತೆಗೆ ಹಿಂದಿನ ದಿನವೇ ತಿಳಿಸಿ, ಯಾವ ಆಸ್ಪತ್ರೆ, ಯಾವ ವಾಹನ ಎಂಬುದನ್ನು ಗೊತ್ತುಮಾಡಿಕೊಳ್ಳಬೇಕು. ಪೇಟೆಯಲ್ಲಿ ನೆಂಟರ ಮನೆ ಇದ್ದರೆ ಎರಡು ದಿನ ಮೊದಲೇ ಅಲ್ಲಿಗೆ ಹೋಗುವುದು ಒಳ್ಳೆಯದು. ರಕ್ತಸ್ರಾವ, ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮಗುವಿನ ಅಲುಗಾಟ ಕಡಿಮೆಯಾಗುವುದು, ನೀರು ಹೋಗುವುದು, ಇವುಗಳಲ್ಲಿ ಯಾವುದು ಕಂಡರೂ ಬಂದ್ ಮುಗಿಯಲೆಂದು ಕಾಯಬಾರದು. ಹೆರಿಗೆಯ ನಂತರ ಬಾಣಂತಿ ಮತ್ತು ಮಗುವನ್ನು ಮನೆಗೆ ಬಿಡುವ ನಗು-ಮಗು ವಾಹನವನ್ನು ಕೇಳಿ ಪಡೆಯಿರಿ. ಹಲವರಿಗೆ ಅದು ಇದೆ ಎಂಬುದೇ ಗೊತ್ತಿಲ್ಲ.

108ಕ್ಕೆ ಕರೆ ಮಾಡಿದರೆ ಮುಷ್ಕರದ ದಿನವೂ ಆಂಬುಲೆನ್ಸ್ ಬರುತ್ತದೆಯೇ?

ಬರುತ್ತದೆ. 2008ರ ನವೆಂಬರ್ 1ರಂದು ಆರಂಭವಾದ ಆರೋಗ್ಯ ಕವಚ 108 ಸೇವೆ ಬಸ್ ನಿಗಮಗಳಿಗೆ ಸೇರಿದ್ದಲ್ಲ. ಬಸ್ ನೌಕರರ ಮುಷ್ಕರಕ್ಕೂ ಅದಕ್ಕೂ ಸಂಬಂಧವಿಲ್ಲ. ಆದರೆ ಎರಡು ಸಂಗತಿಗಳನ್ನು ತಿಳಿದಿರಬೇಕು. ಬೇರೆ ವಾಹನ ಸಿಗದ ದಿನ ಸಾಮಾನ್ಯವಾಗಿ ಆಟೋದಲ್ಲಿ ಬರುತ್ತಿದ್ದವರೂ 108ಕ್ಕೇ ಕರೆ ಮಾಡುವುದರಿಂದ ವಾಹನ ತಲುಪುವುದು ತಡವಾಗಬಹುದು. ಇನ್ನು 108ರ ಸಿಬ್ಬಂದಿಯೂ ಬಾಕಿ ಸಂಬಳಕ್ಕಾಗಿ ಆಗಾಗ ಮುಷ್ಕರದ ಎಚ್ಚರಿಕೆ ಕೊಟ್ಟಿದ್ದಾರೆ. 2022ರ ಸೆಪ್ಟೆಂಬರ್‌ನಲ್ಲಿ ಯಾರ ಮುಷ್ಕರವೂ ಇಲ್ಲದೆ, ಕರೆ ಸ್ವೀಕರಿಸುವ ವ್ಯವಸ್ಥೆಯೇ ಕೆಟ್ಟು ಜನ ಪರದಾಡಿದ್ದರು. ಆದ್ದರಿಂದ ಹತ್ತಿರದ ಸರ್ಕಾರಿ ಆಸ್ಪತ್ರೆಯ ಆಂಬುಲೆನ್ಸ್ ಚಾಲಕರ ಸಂಖ್ಯೆಯನ್ನೂ, ಪೊಲೀಸ್ ಸೇರಿದಂತೆ ತುರ್ತು ನೆರವಿಗೆ ಇರುವ 112ನ್ನೂ ಕೈಗೆ ಸಿಗುವಂತೆ ಬರೆದಿಟ್ಟುಕೊಳ್ಳುವುದು ಜಾಣತನ.

ಲಾರಿ ಮುಷ್ಕರಕ್ಕೂ ಆಸ್ಪತ್ರೆಗೂ ಏನು ಸಂಬಂಧ?

ಬಸ್ ನಿಂತರೆ ರೋಗಿ ಬರುವುದಿಲ್ಲ, ಲಾರಿ ನಿಂತರೆ ಔಷಧಿ ಬರುವುದಿಲ್ಲ. ವ್ಯತ್ಯಾಸ ಎಂದರೆ ಲಾರಿ ಮುಷ್ಕರದ ಪೆಟ್ಟು ಮೊದಲ ದಿನವೇ ಕಾಣುವುದಿಲ್ಲ. ಸರ್ಕಾರಿ ಆಸ್ಪತ್ರೆಗಳ ಔಷಧಿ ರಾಜ್ಯ ವೈದ್ಯಕೀಯ ಸರಬರಾಜು ನಿಗಮದ ಜಿಲ್ಲಾ ಉಗ್ರಾಣಗಳಿಂದ ಬರುತ್ತದೆ. ಉಗ್ರಾಣದಲ್ಲಿ ದಾಸ್ತಾನಿರುವವರೆಗೆ ವಾರ್ಡಿನಲ್ಲಿ ಏನೂ ಗೊತ್ತಾಗುವುದಿಲ್ಲ. ಬೇಗ ಖಾಲಿಯಾಗುವುದು ಜಾಗ ಹಿಡಿಯುವ ಸಾಮಾನುಗಳು: ಗ್ಲೂಕೋಸ್ ಮತ್ತು ಸಲೈನ್ ಬಾಟಲಿಗಳು, ಡಯಾಲಿಸಿಸ್ ದ್ರಾವಣದ ಕ್ಯಾನುಗಳು, ಆಕ್ಸಿಜನ್ ಸಿಲಿಂಡರುಗಳು.

2024ರ ಜನವರಿ 1 ಮತ್ತು 2ರಂದು, ಅಪಘಾತ ಮಾಡಿ ಪರಾರಿಯಾದವರಿಗೆ ಹತ್ತು ವರ್ಷದವರೆಗೆ ಜೈಲು ವಿಧಿಸುವ ಭಾರತೀಯ ನ್ಯಾಯ ಸಂಹಿತೆಯ ಅವಕಾಶವನ್ನು ವಿರೋಧಿಸಿ ಚಾಲಕರು ಲಾರಿ, ಟ್ಯಾಂಕರ್ ನಿಲ್ಲಿಸಿದಾಗ ಉತ್ತರ ಭಾರತದ ಹಲವು ನಗರಗಳಲ್ಲಿ ಪೆಟ್ರೋಲ್ ಬಂಕ್‌ಗಳ ಮುಂದೆ ಉದ್ದುದ್ದ ಸಾಲು ನಿಂತವು. ಕೇಂದ್ರ ಗೃಹ ಕಾರ್ಯದರ್ಶಿಯವರ ಜೊತೆಗಿನ ಮಾತುಕತೆಯ ನಂತರ ಎರಡನೆಯ ದಿನವೇ ಅದು ತಣ್ಣಗಾಯಿತು. ಇನ್ನೂ ನಾಲ್ಕು ದಿನ ಮುಂದುವರಿದಿದ್ದರೆ ಆಂಬುಲೆನ್ಸ್‌ಗೂ ಆಸ್ಪತ್ರೆಯ ಜನರೇಟರ್‌ಗೂ ಡೀಸೆಲ್ ಹುಡುಕಬೇಕಾಗುತ್ತಿತ್ತು.

ಟ್ಯಾಂಕರ್ ತಡವಾದರೆ ಏನಾಗುತ್ತದೆ ಎಂಬುದನ್ನು ನಮ್ಮ ರಾಜ್ಯ ಬೇರೆ ಸಂದರ್ಭದಲ್ಲಿ ಕಂಡಿದೆ. ಚಾಮರಾಜನಗರಕ್ಕೆ ಮೈಸೂರಿನಿಂದ ಸುಮಾರು 60 ಕಿಲೋಮೀಟರ್. 2021ರ ಮೇ 2ರ ರಾತ್ರಿ ಅಲ್ಲಿನ ಜಿಲ್ಲಾಸ್ಪತ್ರೆಯಲ್ಲಿ ಆಕ್ಸಿಜನ್ ಕೊರತೆಯಾಗಿ ಒಂದೇ ದಿನದಲ್ಲಿ 24 ರೋಗಿಗಳ ಸಾವು ವರದಿಯಾಯಿತು. ಅದಕ್ಕೆ ಮುಷ್ಕರ ಕಾರಣವಾಗಿರಲಿಲ್ಲ. ಆದರೂ ಸಿಲಿಂಡರ್ ತುಂಬಿದ ವಾಹನವೊಂದು ಅರವತ್ತು ಕಿಲೋಮೀಟರ್ ಆಚೆ ನಿಂತರೆ ಸಾಕು ಎಂಬುದನ್ನು ಯೋಚಿಸುವಾಗ ಆ ರಾತ್ರಿಯನ್ನು ಬಿಟ್ಟು ಮಾತಾಡುವುದು ನನಗೆ ಸಾಧ್ಯವಾಗುವುದಿಲ್ಲ.

ಲಸಿಕೆ ಕಾರ್ಯಕ್ರಮದ ಮೇಲೆ ಏನು ಪರಿಣಾಮ?

ಲಸಿಕೆಗಳು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಜಿಲ್ಲೆಯಿಂದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ, ಅಲ್ಲಿಂದ ಐಸ್ ಪ್ಯಾಕ್ ಇಟ್ಟ ಲಸಿಕಾ ಪೆಟ್ಟಿಗೆಯಲ್ಲಿ ಅಂಗನವಾಡಿಗೂ ಸಾಗಬೇಕು. ಪೆಟ್ಟಿಗೆ ಹೊರುವವರಿಗೆ ಬಸ್ಸಿಲ್ಲದಿದ್ದರೆ ಆ ಹಳ್ಳಿಯ ಲಸಿಕೆಯ ದಿನ ತಪ್ಪುತ್ತದೆ. ಒಂದು ವಾರ ತಡವಾದರೆ ಮಗುವಿಗೆ ದೊಡ್ಡ ನಷ್ಟವಿಲ್ಲ, ಮುಂದಿನ ವಾರ ಹಾಕಿಸಬಹುದು. ಮತ್ತೆ ಮೊದಲಿನಿಂದ ಶುರುಮಾಡಬೇಕಾಗಿಲ್ಲ.

2021ರ ಏಪ್ರಿಲ್‌ನಲ್ಲಿ ಮಾತ್ರ ಕಾಲ ಬಹಳ ಕೆಟ್ಟದ್ದಾಗಿತ್ತು. 45 ವರ್ಷ ದಾಟಿದವರಿಗೆಲ್ಲ ಕೋವಿಡ್ ಲಸಿಕೆ ಏಪ್ರಿಲ್ 1ರಂದು ಆರಂಭವಾಗಿತ್ತು, 11ರಿಂದ 14ರವರೆಗೆ ದೇಶದಾದ್ಯಂತ ಲಸಿಕಾ ಉತ್ಸವ ನಡೆಯಿತು, ನಡುವೆ 13ಕ್ಕೆ ಯುಗಾದಿ. ಉತ್ಸವದ ಅಷ್ಟೂ ದಿನ ಬಹುಪಾಲು ಬಸ್ಸುಗಳು ಡಿಪೋದಲ್ಲಿದ್ದವು, ಎರಡನೇ ಅಲೆ ಏರುತ್ತಿತ್ತು. ಸರ್ಕಾರಿ ನಿಲ್ದಾಣಗಳಿಂದಲೇ ಖಾಸಗಿ ಬಸ್ಸುಗಳಿಗೆ ಓಡಲು ಅವಕಾಶ ಕೊಟ್ಟದ್ದು ಹೆದ್ದಾರಿ ಬದಿಯ ಊರುಗಳಿಗೆ ಉಪಯೋಗವಾಯಿತು, ಒಳದಾರಿಯ ಹಳ್ಳಿಗಳಿಗೆ ಆಗಲಿಲ್ಲ. ಜನ ತುಂಬದ ಕಡೆ ಖಾಸಗಿಯವರು ಬಸ್ಸು ಓಡಿಸುವುದಿಲ್ಲ ಎಂಬುದಕ್ಕೆ ಅವರನ್ನು ದೂರಿ ಫಲವಿಲ್ಲ.

ರಕ್ತನಿಧಿಗಳಿಗೆ ತೊಂದರೆ ಆಗುತ್ತದೆಯೇ?

ಆಗುತ್ತದೆ. ಕೆಂಪು ರಕ್ತಕಣಗಳನ್ನು ತಿಂಗಳಿಗೂ ಹೆಚ್ಚು ಕಾಲ ಇಡಬಹುದು, ಪ್ಲೇಟ್‌ಲೆಟ್‌ಗಳ ಆಯುಷ್ಯ ಐದೇ ದಿನ. ಡೆಂಗಿ ಕಾಲದಲ್ಲಿ ಎರಡು ರಕ್ತದಾನ ಶಿಬಿರ ರದ್ದಾದರೆ ಮೂರನೆಯ ದಿನ ಪ್ಲೇಟ್‌ಲೆಟ್ ಪೆಟ್ಟಿಗೆ ಖಾಲಿ.

ಪ್ರತಿಭಟನಾಕಾರರು ದಾರಿಯಲ್ಲಿ ತಡೆದರೆ ಏನು ಮಾಡಬೇಕು?

ಆಸ್ಪತ್ರೆಯ ಚೀಟಿ, ಡಯಾಲಿಸಿಸ್ ಕಾರ್ಡ್ ಅಥವಾ ತಾಯಿ ಕಾರ್ಡನ್ನು ಚೀಲದ ತಳದಲ್ಲಿಡದೆ ಕೈಯಲ್ಲೇ ಹಿಡಿದುಕೊಳ್ಳಿ. ಕಾಗದ ತೋರಿಸಿದಾಗ ದಾರಿ ಬಿಡುವವರೇ ಹೆಚ್ಚು. ಚೌಕದಲ್ಲಿ ಟೈರಿಗೆ ಬೆಂಕಿ ಹಚ್ಚುತ್ತಿದ್ದ ಹುಡುಗರೇ ಮುಂದೆ ಓಡಿ ಜನರನ್ನು ಸರಿಸಿದ್ದನ್ನೂ ನೋಡಿದ್ದೇನೆ. ವಾಗ್ವಾದಕ್ಕೆ ಇಳಿಯದೆ 112ಕ್ಕೆ ಕರೆ ಮಾಡಿ. ವಾಹನ ಓಡಿಸುವವರು ಆಂಬುಲೆನ್ಸ್‌ಗೆ ದಾರಿ ಬಿಡದಿದ್ದರೆ ಮೋಟಾರು ವಾಹನ ಕಾಯ್ದೆಯ 194ಇ ಕಲಮಿನಡಿ 10,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸಜೆ ಅಥವಾ ಎರಡೂ ಇವೆ. ಆದರೆ ಆ ಕಲಮು ಆಂಬುಲೆನ್ಸ್‌ನಂತಹ ತುರ್ತು ವಾಹನಗಳಿಗೆ ಮಾತ್ರ. ಹಾಲಿನ ವ್ಯಾನಿನಲ್ಲಿ ಬರುವ ರೋಗಿಯನ್ನು ಅದು ಕಾಣುವುದಿಲ್ಲ.

ಸಾರಿಗೆ ಮುಷ್ಕರವೇ ಕಾನೂನುಬಾಹಿರವಲ್ಲವೇ? ಸರ್ಕಾರ ಎಸ್ಮಾ (ಅಗತ್ಯ ಸೇವೆಗಳ ನಿರ್ವಹಣಾ ಕಾಯ್ದೆ) ಹಾಕಿದರೆ ಮುಗಿಯಿತಲ್ಲ?

ಪ್ರಶ್ನೆ ಅಷ್ಟು ಸರಳವಲ್ಲ. ಸಾರ್ವಜನಿಕ ಉಪಯುಕ್ತ ಸೇವೆಯಲ್ಲಿ ಮುಷ್ಕರಕ್ಕೆ ಮೊದಲು ಕನಿಷ್ಠ 14 ದಿನದ ನೋಟಿಸ್ ಕೊಡಬೇಕೆಂದು ಕೈಗಾರಿಕಾ ವಿವಾದ ಕಾಯ್ದೆ ದಶಕಗಳ ಹಿಂದೆಯೇ ಹೇಳಿತ್ತು. ರಾಜಿ ಮಾತುಕತೆ ನಡೆಯುವಾಗ ಮುಷ್ಕರ ಮಾಡುವಂತಿಲ್ಲ. ಸರ್ಕಾರಿ ನೌಕರರಿಗೆ ಮುಷ್ಕರದ ಮೂಲಭೂತ ಹಕ್ಕಿಲ್ಲ ಎಂದು ತಮಿಳುನಾಡಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2003ರಲ್ಲಿ ಹೇಳಿದೆ. ಬಲವಂತದ ಬಂದ್ ಅಸಾಂವಿಧಾನಿಕ ಎಂದು ಕೇರಳ ಹೈಕೋರ್ಟ್ 1997ರಲ್ಲಿ ಕೊಟ್ಟ ತೀರ್ಪನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಬಂದ್ ಎಂಬ ಹೆಸರು ಹೋಗಿ ಹರತಾಳ ಎಂಬ ಹೆಸರು ಬಂತು. 2019ರ ಜನವರಿಯಲ್ಲಿ ಅದೇ ಹೈಕೋರ್ಟ್ ಹರತಾಳಕ್ಕೂ ಏಳು ದಿನದ ಮುನ್ಸೂಚನೆ ಬೇಕೆಂದಿತು.

ಎಸ್ಮಾ ಹೇರಿದರೆ ಬಂಧನ, ವಜಾ ಸಾಧ್ಯ. 2021ರಲ್ಲಿ ಸಾವಿರಾರು ನೌಕರರ ಮೇಲೆ ಅಮಾನತು, ವಜಾ, ವರ್ಗಾವಣೆಯಂತಹ ಕ್ರಮ ಆಯಿತು. ಬಸ್ಸು ಮಾತ್ರ ಎರಡು ವಾರ ನಿಂತೇ ಇತ್ತು. ನನ್ನ ಅಭಿಪ್ರಾಯದಲ್ಲಿ ರೋಗಿಗಳಿಗೆ ಹೆಚ್ಚು ಉಪಯೋಗಕ್ಕೆ ಬರುವುದು ನೋಟಿಸಿನ ಆ ಹದಿನಾಲ್ಕು ದಿನ. ಡಯಾಲಿಸಿಸ್ ಪಟ್ಟಿ ತಿರುಗಿಸಲು, ಎರಡು ತಿಂಗಳ ಮಾತ್ರೆ ಕೊಟ್ಟು ಕಳಿಸಲು, ಹೆರಿಗೆ ಹತ್ತಿರವಿರುವವರ ಪಟ್ಟಿಯನ್ನು ಆಶಾ ಕಾರ್ಯಕರ್ತೆಯರಿಂದ ತರಿಸಲು ಅಷ್ಟು ಸಮಯ ಧಾರಾಳ. ಅದನ್ನು ಆಸ್ಪತ್ರೆಗಳು ಬಳಸುವುದಿಲ್ಲ, ಏಕೆಂದರೆ ಆ ನೋಟಿಸ್ ಸಾರಿಗೆ ಮತ್ತು ಕಾರ್ಮಿಕ ಇಲಾಖೆಗಳ ಮೇಜಿನಲ್ಲಿ ಇರುತ್ತದೆ. ಆರೋಗ್ಯ ಇಲಾಖೆಗೆ ಸುದ್ದಿ ಟಿವಿಯಿಂದ ಸಿಗುತ್ತದೆ.

ಹಾಗಾದರೆ ಮುಷ್ಕರ ಮಾಡುವ ಚಾಲಕ, ನಿರ್ವಾಹಕರನ್ನೇ ದೂರಬೇಕೇ?

ಹಿಂಬಾಕಿ ವರ್ಷಗಟ್ಟಲೆ ಉಳಿದಾಗ ನೌಕರರ ಕೈಯಲ್ಲಿರುವ ಆಯುಧ ಒಂದೇ. ಅವರ ಮನೆಗಳಲ್ಲೂ ಸಕ್ಕರೆ ಕಾಯಿಲೆಯ ತಾಯಿ, ಬಸುರಿ ಮಗಳು ಇರುತ್ತಾರೆ. ಗಂಟೆಗಟ್ಟಲೆ ಕೂತು ಬಸ್ಸು ಓಡಿಸುವ ಚಾಲಕರಿಗೇ ಬೆನ್ನುನೋವು, ರಕ್ತದೊತ್ತಡ. ಆದರೂ ಒಂದು ಮಾತು ಹೇಳಬೇಕು. ಜಿಲ್ಲಾ ಕೇಂದ್ರದಿಂದ ದೊಡ್ಡಾಸ್ಪತ್ರೆಗೆ ಬೆಳಿಗ್ಗೆ ಒಂದು, ಸಂಜೆ ಒಂದು ಬಸ್ಸು ‘ಆಸ್ಪತ್ರೆ’ ಎಂದು ಬೋರ್ಡು ಹಾಕಿಕೊಂಡು ಮುಷ್ಕರದ ದಿನವೂ ಓಡಲಿ ಎಂದು ನೌಕರರ ಸಂಘಗಳೇ ಮುಂದೆ ಬಂದರೆ ಜನರ ಸಹಾನುಭೂತಿ ಅವರ ಕಡೆಗೇ ವಾಲುತ್ತದೆ.

ಬೇರೆ ಕಡೆಗಳಲ್ಲಿ ಹೇಗೆ?

ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ಬಡವರ ಬಸ್ಸು ಎಂದರೆ ಮಿನಿಬಸ್ ಟ್ಯಾಕ್ಸಿ. ತಮ್ಮ ವಾಹನಗಳನ್ನು ನಗರಾಡಳಿತ ಜಪ್ತಿ ಮಾಡುತ್ತಿದೆ ಎಂದು 2023ರ ಆಗಸ್ಟ್ 3ರಿಂದ ಟ್ಯಾಕ್ಸಿ ಮಾಲೀಕರು ಎಂಟು ದಿನ ವಾಹನ ನಿಲ್ಲಿಸಿದಾಗ ಅದು ಹಿಂಸೆಗೆ ತಿರುಗಿ ಐವರು ಸತ್ತರು. ಬಡಾವಣೆಗಳ ಆರೋಗ್ಯ ಕೇಂದ್ರಗಳ ಸಿಬ್ಬಂದಿ ಕೆಲಸಕ್ಕೆ ಬರಲಾಗದೆ ಸೇವೆ ಕಡಿತವಾಯಿತು. ಡಾರ್ಜಿಲಿಂಗ್ ಬೆಟ್ಟಗಳಲ್ಲಿ 2017ರಲ್ಲಿ 104 ದಿನದ ಬಂದ್ ನಡೆಯಿತು. ಔಷಧಿ ಅಂಗಡಿಗಳಿಗೆ ವಿನಾಯಿತಿ ಇತ್ತು.

ನಮ್ಮ ಪಕ್ಕದಲ್ಲೇ 2020ರ ಮಾರ್ಚ್‌ನಲ್ಲಿ, ಕೋವಿಡ್ ಭಯದಿಂದ ಕರ್ನಾಟಕ ತಲಪಾಡಿ ಗಡಿಯನ್ನು ಮುಚ್ಚಿತು. ಚಿಕಿತ್ಸೆಗೆ ಮಂಗಳೂರನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ದಾರಿಯಿಲ್ಲದೆ ತೀರಿಕೊಂಡ ವರದಿಗಳು ಬಂದವು. ವಿಷಯ ಕೇರಳ ಹೈಕೋರ್ಟ್‌ಗೂ ಸುಪ್ರೀಂ ಕೋರ್ಟ್‌ಗೂ ಹೋಗಿ, ತುರ್ತು ರೋಗಿಗಳನ್ನು ಬಿಡಲು ಏಪ್ರಿಲ್‌ನಲ್ಲಿ ಒಪ್ಪಂದವಾಯಿತು. ರಸ್ತೆ ಮುಚ್ಚಿದ್ದು ಅಲ್ಲಿ ಯಾವ ಸಂಘಟನೆಯೂ ಅಲ್ಲ, ಸರ್ಕಾರ. ಕಾಸರಗೋಡಿನ ಕನ್ನಡಿಗರು ಆ ವಾರಗಳನ್ನು ಇನ್ನೂ ಮರೆತಿಲ್ಲ.

ಮುಷ್ಕರದ ಸುದ್ದಿ ಬಂದಾಗ ಮನೆಯಲ್ಲಿ ಏನೇನು ತಯಾರಿ ಮಾಡಿಕೊಳ್ಳಬೇಕು?

ಮಾತ್ರೆ ಎಷ್ಟು ದಿನಕ್ಕೆ ಉಳಿದಿದೆ ಎಂದು ಎಣಿಸಿ. ಮೂರ್ಛೆ ರೋಗ, ಕ್ಷಯ, ಎಚ್‌ಐವಿ, ಮಾನಸಿಕ ಕಾಯಿಲೆ, ಹೃದಯದ ಕವಾಟ ಬದಲಿಸಿಕೊಂಡವರ ರಕ್ತ ತೆಳುವಾಗಿಸುವ ಮಾತ್ರೆ, ಇವು ಒಂದು ದಿನವೂ ತಪ್ಪಬಾರದಂಥವು. ಹತ್ತು ದಿನದಷ್ಟು ಹೆಚ್ಚುವರಿ ಇರಲಿ. ಬಳಸಲು ಆರಂಭಿಸಿದ ಇನ್ಸುಲಿನ್ ಬಾಟಲಿಯನ್ನು ಸಾಮಾನ್ಯವಾಗಿ ನಾಲ್ಕು ವಾರ ಬಿಸಿಲು ಬೀಳದ ತಂಪು ಜಾಗದಲ್ಲಿ ಇಡಬಹುದು. ಡಯಾಲಿಸಿಸ್‌ನವರು ಒಂದು ದಿನ ಮೊದಲೇ ಸರದಿ ಸಿಗುತ್ತದೆಯೇ ಎಂದು ಘಟಕಕ್ಕೆ ಫೋನ್ ಮಾಡಬೇಕು; ಸಿಗದಿದ್ದರೆ ನೀರು, ಉಪ್ಪು ಇಳಿಸಿ, ಎಳನೀರು, ಬಾಳೆಹಣ್ಣು ಮುಟ್ಟದೆ, ಏದುಸಿರು ಬಂದರೆ ತಕ್ಷಣ ಹತ್ತಿರದ ಆಸ್ಪತ್ರೆಗೆ ಹೋಗಬೇಕು. ಬರೀ ಸಲಹೆ ಬೇಕಿದ್ದವರಿಗೆ ಇ-ಸಂಜೀವಿನಿ ದೂರ ಸಮಾಲೋಚನೆ ಇದೆ, ಮನಸ್ಸಿನ ಕಾಯಿಲೆಗೆ ಟೆಲಿ ಮಾನಸ್‌ನ 14416 ಇದೆ. ಗಾಯದ ಹೊಲಿಗೆ ಬಿಚ್ಚುವುದು, ಡ್ರೆಸ್ಸಿಂಗ್, ಚುಚ್ಚುಮದ್ದು ಇಂಥವನ್ನು ದೊಡ್ಡಾಸ್ಪತ್ರೆಯ ಚೀಟಿ ತೋರಿಸಿ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಮಾಡಿಸಿಕೊಳ್ಳಬಹುದು.

ಮುಷ್ಕರ ಮುಗಿದ ಮರುದಿನವೇ ಆಸ್ಪತ್ರೆಗೆ ಹೋಗಬಹುದೇ?

ತುರ್ತಿದ್ದರೆ ಹೋಗಲೇಬೇಕು. ಕಾಯಲು ಸಾಧ್ಯವಿದ್ದರೆ ಎರಡು ದಿನ ಬಿಟ್ಟು ಹೋಗಿ, ಏಕೆಂದರೆ ತಪ್ಪಿಸಿಕೊಂಡವರೆಲ್ಲ ಅದೇ ಬೆಳಿಗ್ಗೆ ಬರುತ್ತಾರೆ. ಸಾಲು ಗೇಟಿನಿಂದ ಹೊರಗೆ ಬಂದಿರುತ್ತದೆ, ಪ್ರಯೋಗಾಲಯದಲ್ಲಿ ಮಧ್ಯಾಹ್ನಕ್ಕೇ ಮಾದರಿ ತೆಗೆದುಕೊಳ್ಳುವುದನ್ನು ನಿಲ್ಲಿಸಿರುತ್ತಾರೆ, ಮುಂದೂಡಿದ ಶಸ್ತ್ರಚಿಕಿತ್ಸೆಗಳಿಗೆ ಹೊಸ ದಿನ ಸಿಗುವುದು ಆ ವಾರದ ಪಟ್ಟಿ ಮುಗಿದ ಮೇಲೆ. ಹಳೆಯ ದಿನಾಂಕ ಬರೆದ ಚೀಟಿಯನ್ನು ಎಸೆಯದೆ ಜೊತೆಗೆ ಒಯ್ಯಿರಿ. ಮುಷ್ಕರದಿಂದಾಗಿ ಬರಲಾಗಲಿಲ್ಲ ಎಂದು ಕೌಂಟರ್‌ನಲ್ಲಿ ಹೇಳಿ, ಸಾಧ್ಯವಾದರೆ ಅದನ್ನು ಚೀಟಿಯ ಹಿಂದೆ ಬರೆಸಿಕೊಳ್ಳಿ.